ಜನವರಿ ಕತ್ತಲಿನ ‘ನಮ್ಮ ಹುಡುಗರು’

ಐಸ್‌ಲ್ಯಾಂಡಿನ ಜನ ತಮ್ಮ ಭಾಷೆಯ ಬಗ್ಗೆ ಬಹಳ ಕಟ್ಟುನಿಟ್ಟು. ಕಂಪ್ಯೂಟರಿಗೂ ಅವರು ಹೊರಗಿನ ಪದವನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ, ತಮ್ಮದೇ ಒಂದು ಪದ ಕಟ್ಟಿಕೊಂಡರು. ಅಂಥವರು ವ್ಯಾಕರಣ ತಪ್ಪಿದ ಒಂದು ವಾಕ್ಯವನ್ನು ಮಾತ್ರ ಎದೆಗಪ್ಪಿಕೊಂಡಿದ್ದಾರೆ. 2008ರ ಆಗಸ್ಟ್ 22, ಬೀಜಿಂಗ್ ಒಲಿಂಪಿಕ್ಸ್. ಪುರುಷರ ಹ್ಯಾಂಡ್‌ಬಾಲ್ ಸೆಮಿಫೈನಲ್‌ನಲ್ಲಿ ಐಸ್‌ಲ್ಯಾಂಡ್ ತಂಡ ಸ್ಪೇನನ್ನು 36–30ರಿಂದ ಸೋಲಿಸಿತ್ತು. ಪಂದ್ಯ ನೋಡಲು ಬಂದಿದ್ದ ಅಧ್ಯಕ್ಷರ ಪತ್ನಿ ಡೊರಿಟ್ ಮೂಸಯೆಫ್ ಟಿ.ವಿ. ಮೈಕಿನ ಮುಂದೆ ಸಂತೋಷ ತಡೆಯಲಾಗದೆ, ‘ಐಸ್‌ಲ್ಯಾಂಡ್ ಜಗತ್ತಿನಲ್ಲೇ ಅತಿ ದೊಡ್ಡ ದೇಶ’ ಎಂದುಬಿಟ್ಟರು. ಆಕೆ ಹುಟ್ಟಿದ್ದು ಜೆರುಸಲೇಮಿನಲ್ಲಿ, ಐಸ್‌ಲ್ಯಾಂಡಿನ ಭಾಷೆ ಕಲಿತದ್ದು ದೊಡ್ಡವರಾದ ಮೇಲೆ. ‘ಅತಿ ದೊಡ್ಡ’ ಎನ್ನಲು ‘ಸ್ಟೈರ್ಸ್ತಾ’ ಎನ್ನಬೇಕಿತ್ತು, ಆಕೆಯ ಬಾಯಿಂದ ಬಂದದ್ದು ‘ಸ್ಟೋರಸ್ತಾ’. ಹೊಸದಾಗಿ ಕನ್ನಡ ಕಲಿಯುವವರು ‘ತಿಂದೆ’ ಎನ್ನುವಲ್ಲಿ ‘ತಿನ್ನಿದೆ’ ಎಂದ ಹಾಗೆ.

ಯಾರೂ ತಿದ್ದಲಿಲ್ಲ. ಆ ತಪ್ಪು ಮಾತು ಟೀ ಶರ್ಟುಗಳ ಮೇಲೆ ಅಚ್ಚಾಯಿತು, ಜನರ ನಾಲಗೆಯ ಮೇಲೆ ಕುಳಿತಿತು. ಆ ದಿನದ ಸಂಭ್ರಮಕ್ಕೆ ಸರಿಯಾದ ವ್ಯಾಕರಣ ಸಾಲುತ್ತಿರಲಿಲ್ಲ ಎಂದೇ ನನಗೂ ಅನಿಸುತ್ತದೆ.

ಆ ವರ್ಷ ಐಸ್‌ಲ್ಯಾಂಡಿನ ಜನಸಂಖ್ಯೆ ಸುಮಾರು 3 ಲಕ್ಷ 15 ಸಾವಿರ. 2011ರ ಜನಗಣತಿಯಲ್ಲಿ ನಮ್ಮ ಶಿವಮೊಗ್ಗ ನಗರವೊಂದರಲ್ಲೇ ಅದಕ್ಕಿಂತ ಸ್ವಲ್ಪ ಹೆಚ್ಚು ಜನರಿದ್ದರು. ಕರ್ನಾಟಕದ ಅರ್ಧಕ್ಕಿಂತ ತುಸು ದೊಡ್ಡ ನೆಲ, ಅದರಲ್ಲಿ ಬಹುಪಾಲು ಹಿಮನದಿ, ಲಾವಾ ಬಯಲು, ಬರಿಗಲ್ಲು. ಕರಾವಳಿಯ ಅಂಚಿನಲ್ಲಷ್ಟೇ ಊರುಗಳು. ಇಷ್ಟು ಜನರ ನಡುವಿನಿಂದ ಆರಿಸಿದ ತಂಡ ಜರ್ಮನಿ, ಫ್ರಾನ್ಸ್, ಸ್ಪೇನ್, ರಷ್ಯಾಗಳ ಎದುರು ಎದೆಯೊಡ್ಡಿ ನಿಲ್ಲುತ್ತದೆ. ಒಮ್ಮೆ ಕಂಡು ಮಾಯವಾಗುವ ಪವಾಡವಲ್ಲ ಇದು, ಅರವತ್ತು ವರ್ಷಗಳಿಗೂ ಮೀರಿದ ಮಾತು.

ಅದರ ಪದಕದ ಪೆಟ್ಟಿಗೆ ತೆರೆದರೆ ಸಿಗುವುದು ಎರಡೇ: ಒಂದು ಒಲಿಂಪಿಕ್ ಬೆಳ್ಳಿ, ಒಂದು ಯುರೋಪಿಯನ್ ಕಂಚು. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಐದನೇ ಸ್ಥಾನಕ್ಕಿಂತ ಮೇಲೇರಿದ್ದಿಲ್ಲ. ಆದರೂ ಹ್ಯಾಂಡ್‌ಬಾಲ್ ಬಲ್ಲವರು ಆ ಹೆಸರನ್ನು ಗೌರವದಿಂದಲೇ ಹೇಳುತ್ತಾರೆ. ಈ ತಂಡದ ದಾಖಲೆಯನ್ನು ಪದಕಪಟ್ಟಿಯಲ್ಲಿ ಓದಿದರೆ ಸಿಗುವುದು ಅದರ ಅರ್ಧ ಕಥೆ. ಉಳಿದರ್ಧ ಬೇರೆ ದೇಶಗಳ ಪದಕಪಟ್ಟಿಗಳಲ್ಲಿ ಹಂಚಿಹೋಗಿದೆ.

ಆಟದ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮಲ್ಲಿ ಶಾಲಾ ಕ್ರೀಡಾಕೂಟಗಳಲ್ಲಿ ಹ್ಯಾಂಡ್‌ಬಾಲ್ ಇದ್ದರೂ ಬಹಳ ಜನ ಅದನ್ನು ಥ್ರೋಬಾಲ್ ಜೊತೆ ಕಲಸಿಬಿಡುತ್ತಾರೆ, ಇಲ್ಲವೇ ಫುಟ್‌ಬಾಲ್‌ನ ಫೌಲ್ ಎಂದುಕೊಳ್ಳುತ್ತಾರೆ. 40 ಮೀಟರ್ ಉದ್ದ, 20 ಮೀಟರ್ ಅಗಲದ ಒಳಾಂಗಣ ಅಂಕಣ. ಗೋಲ್‌ಕೀಪರ್ ಸೇರಿ ಒಂದೊಂದು ಕಡೆ ಏಳು ಜನ. ಗೋಲಿನ ಮುಂದೆ ಆರು ಮೀಟರಿನ ಗೆರೆ, ಅದರೊಳಗೆ ಗೋಲ್‌ಕೀಪರ್ ಬಿಟ್ಟು ಬೇರೆಯವರು ಕಾಲಿಡುವಂತಿಲ್ಲ. ಆದರೆ ಗೆರೆಯ ಹೊರಗಿಂದ ಹಾರಿ, ಕಾಲು ನೆಲ ಮುಟ್ಟುವ ಮೊದಲೇ ಚೆಂಡೆಸೆಯಬಹುದು. ಹೀಗಾಗಿ ಆಟದ ಅರ್ಧ ಗಾಳಿಯಲ್ಲೇ ನಡೆಯುತ್ತದೆ. ಚೆಂಡು ಕೈಯಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ಇರುವಂತಿಲ್ಲ, ಹಿಡಿದುಕೊಂಡು ಮೂರು ಹೆಜ್ಜೆಗಿಂತ ಹೆಚ್ಚು ಇಡುವಂತಿಲ್ಲ. ಗಂಟೆಗೆ ನೂರು ಕಿಲೊಮೀಟರ್ ದಾಟುವ ಎಸೆತಕ್ಕೆ ಗೋಲ್‌ಕೀಪರ್ ಎದೆ, ಮೊಣಕಾಲು, ಕೆಲವೊಮ್ಮೆ ಮುಖವನ್ನೇ ಒಡ್ಡುತ್ತಾನೆ. ಆರು ಮೀಟರ್ ಗೆರೆಯ ಮೇಲೆ ರಕ್ಷಕರು ಭುಜಕ್ಕೆ ಭುಜ ಸೇರಿಸಿ ನಿಲ್ಲುವುದನ್ನು ನೋಡಿದರೆ ಕಬಡ್ಡಿಯ ಸರಪಳಿ ನೆನಪಾಗದೆ ಇರದು. ಅದೇ ಹಿಡಿತ, ಅದೇ ಪಟ್ಟು, ಅದೇ ಉಸಿರುಗಟ್ಟುವ ನೂಕಾಟ. ಅರ್ಧ ಗಂಟೆಯ ಎರಡು ಅವಧಿಗಳಲ್ಲಿ ಒಂದೊಂದು ತಂಡ 25, 30 ಗೋಲು ಹೊಡೆಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಲೆಕ್ಕ ಬದಲಾಗಿರುತ್ತದೆ.

ಈ ಆಟ ಐಸ್‌ಲ್ಯಾಂಡಿಗೆ ಬಂದದ್ದು 1920ರ ದಶಕದಲ್ಲಿ, ಡೆನ್ಮಾರ್ಕಿನಲ್ಲಿ ಕಲಿತು ಬಂದ ವ್ಯಾಯಾಮ ಶಿಕ್ಷಕರ ಮೂಲಕ. ವರ್ಷದ ಅರ್ಧ ಭಾಗ ಗಾಳಿ, ಹಿಮ, ಕತ್ತಲು ತುಂಬಿರುವ ನಾಡಿಗೆ ಛಾವಣಿಯಡಿಯ ಆಟ ಒಗ್ಗಿತು. ಶಾಲೆಯ ಪಕ್ಕದಲ್ಲೊಂದು ವ್ಯಾಯಾಮ ಶಾಲೆ, ಎರಡು ಗೋಲುಕಂಬ, ಒಂದು ಚೆಂಡು ಇದ್ದರಾಯಿತು. 1940ರಲ್ಲಿ ರಾಷ್ಟ್ರೀಯ ಲೀಗ್ ಶುರುವಾಯಿತು. 1950ರಲ್ಲಿ ತಂಡ ಸ್ವೀಡನ್ನಿನ ಲುಂಡ್ ನಗರಕ್ಕೆ ಹೋಗಿ ಮೊದಲ ಅಂತರರಾಷ್ಟ್ರೀಯ ಪಂದ್ಯ ಆಡಿ ಸೋತು ಬಂತು. 1957ರಲ್ಲಿ ಹ್ಯಾಂಡ್‌ಬಾಲ್ ಸಂಸ್ಥೆ ಹುಟ್ಟಿತು. ಮರುವರ್ಷವೇ ಮೊದಲ ವಿಶ್ವ ಚಾಂಪಿಯನ್‌ಷಿಪ್, ಅದಾದ ಮೂರು ವರ್ಷಕ್ಕೆ, 1961ರಲ್ಲಿ, ಆರನೇ ಸ್ಥಾನ.

ಆ ಲುಂಡ್ ಪಂದ್ಯದಿಂದಲೇ ಸ್ವೀಡನ್ ಅವರ ಪಾಲಿಗೆ ಬರೀ ಎದುರಾಳಿಯಾಗಿ ಉಳಿಯಲಿಲ್ಲ. ಐಸ್‌ಲ್ಯಾಂಡಿನ ಜನಪದ ಕಥೆಗಳಲ್ಲಿ ಗ್ರೀಲಾ ಎಂಬ ರಾಕ್ಷಸಿ ಇದ್ದಾಳೆ. ಕ್ರಿಸ್‌ಮಸ್ ಹೊತ್ತಿಗೆ ಬೆಟ್ಟದಿಂದಿಳಿದು ಬಂದು, ಹಟ ಮಾಡುವ ಮಕ್ಕಳನ್ನು ಹೊತ್ತೊಯ್ಯುತ್ತಾಳೆ ಎಂದು ಹೆದರಿಸುತ್ತಾರೆ. ನಮ್ಮಲ್ಲಿ ಗುಮ್ಮ ಇದ್ದ ಹಾಗೆ. ಆ ದೇಶದ ಪತ್ರಿಕೆಗಳು ಸ್ವೀಡನ್ ತಂಡಕ್ಕೆ ಇಟ್ಟ ಹೆಸರು ‘ಸ್ವೀಯಗ್ರೀಲಾ’, ಅಂದರೆ ಸ್ವೀಡನ್ ಗುಮ್ಮ. 1964ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಮ್ಮೆ ಆ ಗುಮ್ಮನನ್ನು 12–10ರಿಂದ ಓಡಿಸಿದ್ದರು. ಆದರೂ ಅದು ಮತ್ತೆ ಮತ್ತೆ ಬೆಟ್ಟ ಇಳಿದು ಬರುತ್ತಲೇ ಇತ್ತು. 1990ರ ದಶಕದಲ್ಲಿ ಸ್ವೀಡನ್ ಜಗತ್ತಿನ ಬಲಿಷ್ಠ ತಂಡವಾಗಿದ್ದಾಗಲಂತೂ ಅದರ ಹೆಸರು ಕೇಳಿದರೇ ಐಸ್‌ಲ್ಯಾಂಡಿನ ಆಟಗಾರರ ಕೈ ತಣ್ಣಗಾಗುವಂತಿತ್ತು.

ನಡುವಿನ ದಶಕಗಳಲ್ಲಿ ಏರಿಳಿತವೇ ಹೆಚ್ಚು. 1984ರಲ್ಲಿ ಪೂರ್ವ ಯುರೋಪಿನ ದೇಶಗಳು ಲಾಸ್ ಏಂಜಲೀಸ್ ಒಲಿಂಪಿಕ್ಸನ್ನು ಬಹಿಷ್ಕರಿಸಿದ್ದರಿಂದ ತೆರವಾದ ಜಾಗಕ್ಕೆ ಹೋಗಿ ಆರನೆಯವರಾದರು. 1986ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಆರು. 1989ರಲ್ಲಿ ಎರಡನೇ ದರ್ಜೆಯ ವಿಶ್ವ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ, ಪ್ಯಾರಿಸ್‌ನಲ್ಲಿ, ಪೋಲೆಂಡನ್ನು 29–26ರಿಂದ ಸೋಲಿಸಿದರು. ದೊಡ್ಡ ದೇಶಗಳ ಲೆಕ್ಕದಲ್ಲಿ ಅದು ‘ಬಿ’ ದರ್ಜೆ. ಅವರ ಪಾಲಿಗೆ ಇಂದಿಗೂ ಅದೊಂದು ಹಬ್ಬದ ನೆನಪು. 1992ರಲ್ಲಿ ಯುಗೊಸ್ಲಾವಿಯಾ ಮೇಲೆ ನಿರ್ಬಂಧ ಬಿದ್ದಾಗ ಅದರ ಬದಲಿಗೆ ಬಾರ್ಸಿಲೋನಾ ಒಲಿಂಪಿಕ್ಸ್‌ಗೆ ಹೋದವರು ಸೆಮಿಫೈನಲ್‌ವರೆಗೂ ಬಂದು, ಕಂಚಿನ ಪಂದ್ಯದಲ್ಲಿ ಫ್ರಾನ್ಸ್‌ಗೆ ಸೋತರು. 1995ರಲ್ಲಿ ವಿಶ್ವ ಚಾಂಪಿಯನ್‌ಷಿಪ್ಪನ್ನೇ ತಮ್ಮ ಮನೆಗೆ ಕರೆಸಿಕೊಂಡರು. 24 ತಂಡಗಳು ಬಂದವು. ಆತಿಥ್ಯ ಚೆನ್ನಾಗಿತ್ತು, ಆಟ ಕೈಕೊಟ್ಟಿತು. ಎರಡು ವರ್ಷದ ನಂತರ ಜಪಾನಿನಲ್ಲಿ ಐದನೇ ಸ್ಥಾನ, 2002ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ನಾಲ್ಕನೇ ಸ್ಥಾನ.

ಆ 2002ರ ಟೂರ್ನಿಯಲ್ಲಿ ಅತಿ ಹೆಚ್ಚು ಗೋಲು, 58, ಹೊಡೆದವರು ಎಡಗೈಯ ಓಲಾಫುರ್ ಸ್ಟೆಫಾನ್ಸನ್. ಐಸ್‌ಲ್ಯಾಂಡಿನವರಿಗೆ ಸಾಮಾನ್ಯವಾಗಿ ಮನೆತನದ ಹೆಸರಿಲ್ಲ. ಸ್ಟೆಫಾನ್‌ನ ಮಗ ಸ್ಟೆಫಾನ್ಸನ್, ಅಷ್ಟೇ. ತಂದೆಯ ಹೆಸರನ್ನು ಇನಿಷಿಯಲ್ಲಾಗಿ ಹೊತ್ತು ತಿರುಗುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಟೆಲಿಫೋನ್ ಡೈರೆಕ್ಟರಿಯಲ್ಲಿ ಕೂಡ ಅವರು ಹುಡುಕುವುದು ಮೊದಲ ಹೆಸರಿನಿಂದಲೇ. ಹಾಗಾಗಿ ನಾನೂ ಇಲ್ಲಿ ಅವರನ್ನು ಮೊದಲ ಹೆಸರಿನಿಂದಲೇ ಕರೆಯುತ್ತೇನೆ. ಓಲಾಫುರ್ ಜರ್ಮನಿಯ ಮಾಗ್ಡೆಬರ್ಗ್ ಮತ್ತು ಸ್ಪೇನಿನ ಸಿಯುದಾದ್ ರಿಯಲ್ ಕ್ಲಬ್‌ಗಳಿಗೆ ಆಡಿ ನಾಲ್ಕು ಸಲ ಚಾಂಪಿಯನ್ಸ್ ಲೀಗ್ ಗೆದ್ದವರು. ಎಸೆಯುವವರಂತೆ ತೋಳೆತ್ತಿ, ಇಬ್ಬರು ರಕ್ಷಕರನ್ನು ತಮ್ಮತ್ತ ಸೆಳೆದು, ಚೆಂಡನ್ನು ಬೇರೊಬ್ಬರ ಕೈಗೆ ಜಾರಿಸಿಬಿಡುವ ಅವರ ಆಟವನ್ನು ವಿಡಿಯೊದಲ್ಲಿ ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ.

ಗುಮ್ಮನಿಗೆ ನಿಜವಾದ ಉತ್ತರ ಸಿಕ್ಕಿದ್ದು 2006ರ ಜೂನ್‌ನಲ್ಲಿ. ವಿಶ್ವ ಚಾಂಪಿಯನ್‌ಷಿಪ್ ಅರ್ಹತೆಗಾಗಿ ಎರಡು ಪಂದ್ಯ. ಮೊದಲನೆಯದರಲ್ಲಿ ಸ್ಟಾಕ್‌ಹೋಮ್‌ಗೇ ಹೋಗಿ 32–28ರಿಂದ ಗೆದ್ದರು. ಎರಡನೆಯದು ರೇಕ್ಯಾವಿಕ್‌ನಲ್ಲಿ, ಜೂನ್ 17ರಂದು, ಅವರ ರಾಷ್ಟ್ರೀಯ ದಿನದಂದೇ. ಆ ಪಂದ್ಯವನ್ನು ಒಂದು ಗೋಲಿನಿಂದ ಸೋತರೂ ಒಟ್ಟು ಲೆಕ್ಕದಲ್ಲಿ ಮುಂದಿದ್ದರು. ಸ್ವೀಡನ್ ಮನೆಯಲ್ಲುಳಿಯಿತು, ಐಸ್‌ಲ್ಯಾಂಡ್ 2007ರಲ್ಲಿ ಜರ್ಮನಿಗೆ ಹೋಯಿತು. ಅಲ್ಲಿ ಫ್ರಾನ್ಸನ್ನು 32–24ರಿಂದ ಹೊಡೆದು, ಕ್ವಾರ್ಟರ್ ಫೈನಲ್‌ನಲ್ಲಿ ಡೆನ್ಮಾರ್ಕ್ ಎದುರು ಹೆಚ್ಚುವರಿ ಅವಧಿಯವರೆಗೆ ಕಾದಾಡಿ, 41–42ರಿಂದ ಸೋತರು. 41 ಗೋಲು ಹೊಡೆದೂ ಸೋಲುವುದೆಂದರೆ! ಆ ಟೂರ್ನಿಯಲ್ಲಿ ಅತಿ ಹೆಚ್ಚು, 66 ಗೋಲು ಹೊಡೆದವರು ಇವರದೇ ಗುದ್ಯೋನ್ ವಾಲುರ್. ಎಡಬದಿಯಲ್ಲಿ ಮಿಂಚಿನಂತೆ ಓಡುತ್ತಿದ್ದ ಈ ಆಟಗಾರ 2020ರಲ್ಲಿ ನಿವೃತ್ತರಾಗುವ ಹೊತ್ತಿಗೆ ದೇಶದ ಪರ 1,850ಕ್ಕೂ ಹೆಚ್ಚು ಗೋಲು ಹೊಡೆದಿದ್ದರು. ಅಂತರರಾಷ್ಟ್ರೀಯ ಹ್ಯಾಂಡ್‌ಬಾಲ್‌ನಲ್ಲಿ ಅದು ವಿಶ್ವದಾಖಲೆ.

ಇನ್ನು 2008. ವರ್ಷದ ಆರಂಭದಲ್ಲಿ ತರಬೇತುದಾರ ಆಲ್ಫ್ರೆದ್ ಗಿಸ್ಲಸನ್ ಹುದ್ದೆ ಬಿಟ್ಟರು. ಆ ಜಾಗಕ್ಕೆ ಬಂದವರು ಗುದ್ಮುಂದುರ್ ಗುದ್ಮುಂದ್ಸನ್. ಹಿಂದೆ ಎರಡು ಒಲಿಂಪಿಕ್ಸ್‌ಗಳಲ್ಲಿ ಎಡಬದಿಯಲ್ಲಿ ಆಡಿದ್ದವರು, ಒಂದು ಅವಧಿಗೆ ತಂಡವನ್ನು ತರಬೇತುಗೊಳಿಸಿಯೂ ಇದ್ದವರು. ಬೀಜಿಂಗ್‌ಗೆ ಅರ್ಹತೆ ಪಡೆಯಲು ಪೋಲೆಂಡಿನಲ್ಲಿ ಒಂದು ಪರೀಕ್ಷೆ ಇತ್ತು. ಅಲ್ಲಿ ಎದುರಾದದ್ದು ಮತ್ತದೇ ಸ್ವೀಡನ್. 29–25ರಿಂದ ಗೆದ್ದು ಚೀನಾದ ವಿಮಾನ ಹತ್ತಿದರು. ಆದರೆ ಆ ವರ್ಷದ ಜೂನ್‌ನಲ್ಲೇ ಮುಂದಿನ ವಿಶ್ವ ಚಾಂಪಿಯನ್‌ಷಿಪ್‌ನ ಅರ್ಹತಾ ಪಂದ್ಯಗಳಲ್ಲಿ ಮ್ಯಾಸಿಡೋನಿಯಾಗೆ ಸೋತೂಬಿಟ್ಟಿದ್ದರು. ಒಲಿಂಪಿಕ್ ಬೆಳ್ಳಿ ಗೆದ್ದ ತಂಡ 2009ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇರಲೇ ಇಲ್ಲ. ಸಣ್ಣ ದೇಶದ ತಂಡ ಸದಾ ಇಂಥ ತಂತಿಯ ಮೇಲೇ ನಡೆಯುತ್ತದೆ. ಇಬ್ಬರಿಗೆ ಗಾಯವಾದರೆ, ಒಂದು ಸಂಜೆ ಕೆಟ್ಟರೆ, ಬದಲಿಗೆ ಬರಲು ಇನ್ನೊಂದು ತಂಡ ಕಾದಿರುವುದಿಲ್ಲ.

ಬೀಜಿಂಗ್‌ನ ಗುಂಪು ಹಂತದಲ್ಲಿ ಮೊದಲು ರಷ್ಯಾವನ್ನು 33–31ರಿಂದ, ಆಮೇಲೆ ಹಾಲಿ ವಿಶ್ವ ಚಾಂಪಿಯನ್ ಜರ್ಮನಿಯನ್ನು 33–29ರಿಂದ ಸೋಲಿಸಿದರು. ದಕ್ಷಿಣ ಕೊರಿಯಾ ಎದುರು ಒಂದು ಗೋಲಿನ ಸೋಲು. ಹಾಲಿ ಯುರೋಪಿಯನ್ ಚಾಂಪಿಯನ್ ಡೆನ್ಮಾರ್ಕ್ ಜೊತೆ 32–32, ಈಜಿಪ್ಟ್ ಜೊತೆಗೂ 32–32. ಕ್ವಾರ್ಟರ್ ಫೈನಲ್‌ನಲ್ಲಿ ಪೋಲೆಂಡ್. ಹಿಂದಿನ ವರ್ಷದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಎರಡನೇ ಸ್ಥಾನ ಪಡೆದಿದ್ದ ತಂಡ. 32–30ರಿಂದ ಅದೂ ಉರುಳಿತು. ಆಮೇಲೆ ಸ್ಪೇನ್, ಆಮೇಲೆ ಆ ತಪ್ಪು ವಾಕ್ಯ.

ಫೈನಲ್ ನಡೆದದ್ದು ಆಗಸ್ಟ್ 24ರ ಭಾನುವಾರ. ಐಸ್‌ಲ್ಯಾಂಡಿನಲ್ಲಿ ಆಗ ಬೆಳಗಿನ ಹೊತ್ತು. ಎದುರಿಗಿದ್ದದ್ದು ಫ್ರಾನ್ಸ್, ಮುಂದಿನ ಮೂರು ವರ್ಷ ಎಲ್ಲ ದೊಡ್ಡ ಪ್ರಶಸ್ತಿಗಳನ್ನೂ ಬಾಚಿಕೊಳ್ಳಲಿದ್ದ ತಂಡ. ಗೋಲಿನಲ್ಲಿ ತಿಯೆರಿ ಒಮೆಯೆ ಎಂಬ ಗೋಡೆ, ಮುಂದೆ ನಿಕೋಲಾ ಕಾರಾಬಾಟಿಚ್ ಎಂಬ ಬಿರುಗಾಳಿ. ಅರ್ಧ ಪಂದ್ಯ ಮುಗಿದಾಗ 15–10, ಕೊನೆಗೆ 28–23. ಐಸ್‌ಲ್ಯಾಂಡ್ ಸೋತಿತು. ಟೂರ್ನಿಯ ಶ್ರೇಷ್ಠ ತಂಡ ಆರಿಸಿದಾಗ ಏಳು ಜನರಲ್ಲಿ ಮೂವರು ಇವರೇ: ಓಲಾಫುರ್, ಗುದ್ಯೋನ್ ವಾಲುರ್, ಮಧ್ಯದಲ್ಲಿ ಆಟ ಹೆಣೆಯುತ್ತಿದ್ದ ಸ್ನೋರಿ ಸ್ಟೇನ್.

ಆ ದೇಶಕ್ಕೆ ಅದು ಒಲಿಂಪಿಕ್ಸ್‌ನ ನಾಲ್ಕನೇ ಪದಕ ಮಾತ್ರ. 1956ರಲ್ಲಿ ಟ್ರಿಪಲ್ ಜಂಪ್, 1984ರಲ್ಲಿ ಜೂಡೊ, 2000ದಲ್ಲಿ ಪೋಲ್ ವಾಲ್ಟ್, ಎಲ್ಲವೂ ಒಬ್ಬೊಬ್ಬರ ಸಾಧನೆ. ತಂಡವಾಗಿ ಗೆದ್ದದ್ದು ಇದೇ ಮೊದಲು. ಹುಡುಗರು ಮರಳಿದಾಗ ರೇಕ್ಯಾವಿಕ್‌ನ ಬೀದಿಗಳಲ್ಲಿ ಜನಸಾಗರ. ಅಧ್ಯಕ್ಷರು ತಮ್ಮ ನಿವಾಸಕ್ಕೆ ಕರೆದು ಎಲ್ಲರಿಗೂ ಫಾಲ್ಕನ್ ಪುರಸ್ಕಾರ ತೊಡಿಸಿದರು.

ಆರು ವಾರ ಕಳೆಯಿತು. ಅಕ್ಟೋಬರ್ ಮೊದಲ ದಿನಗಳಲ್ಲಿ ದೇಶದ ಮೂರು ದೊಡ್ಡ ಬ್ಯಾಂಕ್‌ಗಳು ಒಂದರ ಹಿಂದೊಂದು ಕುಸಿದುಬಿದ್ದವು. ಉಳಿತಾಯ ಹೋಯಿತು, ಕೆಲಸ ಹೋಯಿತು, ಕರೆನ್ಸಿಯ ಬೆಲೆ ಹೋಯಿತು. ಚಳಿಗಾಲದಲ್ಲಿ ಜನ ಅಡುಗೆಮನೆಯ ಪಾತ್ರೆ ಬಡಿಯುತ್ತ ಸಂಸತ್ತಿನ ಮುಂದೆ ನಿಂತರು. ದೊಡ್ಡವರಾದೆವೆಂದು ಹಣದ ಲೆಕ್ಕದಲ್ಲಿ ನಂಬಿದ್ದೆಲ್ಲ ಸುಳ್ಳಾದ ಆ ವರ್ಷ, ಸುಳ್ಳಾಗದೆ ಉಳಿದದ್ದು ಅಂಕಣದಲ್ಲಿ ಗಳಿಸಿದ ಬೆಳ್ಳಿ. 2010ರ ಜನವರಿಯಲ್ಲಿ, ಬಿಕ್ಕಟ್ಟು ಇನ್ನೂ ತೀರದಿದ್ದಾಗ, ಅದೇ ತಂಡ ಆಸ್ಟ್ರಿಯಾದಲ್ಲಿ ಪೋಲೆಂಡನ್ನು 29–26ರಿಂದ ಸೋಲಿಸಿ ಯುರೋಪಿಯನ್ ಕಂಚು ತಂದಿತು. ಆ ವರ್ಷದ ದೇಶದ ಶ್ರೇಷ್ಠ ಕ್ರೀಡಾಪಟು ಎನಿಸಿಕೊಂಡವರು ಅಲೆಕ್ಸಾಂಡರ್ ಪೆಟರ್ಸನ್. ಲಾಟ್ವಿಯಾದ ರೀಗಾದಲ್ಲಿ ಹುಟ್ಟಿ, ಹದಿಹರೆಯದಲ್ಲಿ ಹ್ಯಾಂಡ್‌ಬಾಲ್ ಆಡಲೆಂದೇ ಐಸ್‌ಲ್ಯಾಂಡಿಗೆ ಬಂದು, ಅಲ್ಲಿನವರೇ ಆದವರು.

2012ರ ಲಂಡನ್ ಒಲಿಂಪಿಕ್ಸನ್ನು ನೆನೆದರೆ ನನಗೆ ಇಂದಿಗೂ ಸಂಕಟ. ಗುಂಪಿನ ಐದಕ್ಕೆ ಐದು ಪಂದ್ಯ ಗೆದ್ದರು. ಸ್ವೀಡನ್ ಮೇಲೆ 33–32, ಫ್ರಾನ್ಸ್ ಮೇಲೆ 30–29. ಕ್ವಾರ್ಟರ್ ಫೈನಲ್‌ನಲ್ಲಿ ಹಂಗೇರಿ ಎದುರು ಎರಡು ಸಲ ಹೆಚ್ಚುವರಿ ಅವಧಿ ಆಡಿ 33–34ರಿಂದ ಸೋತರು. ಆ ಒಲಿಂಪಿಕ್ಸ್‌ನ ಫೈನಲ್ ಆಡಿದ್ದು ಫ್ರಾನ್ಸ್ ಮತ್ತು ಸ್ವೀಡನ್. ಐಸ್‌ಲ್ಯಾಂಡ್ ಎರಡನ್ನೂ ಸೋಲಿಸಿತ್ತು. ದಾಖಲೆಯ ಪುಸ್ತಕದಲ್ಲಿ ಮಾತ್ರ ಅದು ಎಂಟರ ಘಟ್ಟದಲ್ಲಿ ನಿರ್ಗಮಿಸಿದ ತಂಡ.

ಇಷ್ಟು ಸಣ್ಣ ನಾಡು ಇದನ್ನು ಹೇಗೆ ಸಾಧಿಸಿತು ಎಂದು ಕೇಳಿದರೆ, ಉತ್ತರ ಸಣ್ಣತನದಲ್ಲೇ ಇದೆ ಎಂದು ನಾನು ನಂಬುತ್ತೇನೆ. ಊರೂರಿಗೆ ಶಾಲೆಗೆ ಹೊಂದಿಕೊಂಡ ಕ್ರೀಡಾಭವನ ಇದೆ. ಮಕ್ಕಳು ಐದಾರು ವರ್ಷಕ್ಕೇ ಊರಿನ ಕ್ಲಬ್ ಸೇರುತ್ತಾರೆ. ಪುಟ್ಟ ಮಕ್ಕಳಿಗೂ ಕಲಿಸಲು ತರಬೇತಿ ಪಡೆದು ಬಂದ, ಸಂಬಳದ ಶಿಕ್ಷಕರೇ ಇರುತ್ತಾರೆ. ಸಂಜೆ ಆರಕ್ಕೆ ಮಕ್ಕಳು ಆಡುವ ಅಂಕಣದಲ್ಲೇ ಎಂಟಕ್ಕೆ ಊರಿನ ಮುಖ್ಯ ತಂಡ ಅಭ್ಯಾಸ ಮಾಡುತ್ತದೆ. ರಾಷ್ಟ್ರೀಯ ಆಟಗಾರ ಟಿ.ವಿ.ಯೊಳಗಿನ ದೇವರಲ್ಲ, ಪಕ್ಕದ ಬೀದಿಯ ಅಣ್ಣ. ಜನ ತಂಡವನ್ನು ಕರೆಯುವುದೂ ‘ಸ್ತ್ರಾಕಾರ್ನಿರ್ ಓಕ್ಕಾರ್’ ಎಂದೇ, ನಮ್ಮ ಹುಡುಗರು.

ಆ ಹತ್ತಿರತನಕ್ಕೆ ಒಂದು ಮನೆಯ ಉದಾಹರಣೆ ಸಾಕು. 1989ರಲ್ಲಿ ಪ್ಯಾರಿಸ್‌ನಲ್ಲಿ ಗೆದ್ದ ತಂಡದ ಪ್ರಮುಖ ಆಟಗಾರ ಕ್ರಿಸ್ತ್ಯಾನ್ ಆರಸನ್. ಅವರ ಪತ್ನಿ ಥೋರ್ಗೆರ್ದುರ್ ಕಾತ್ರಿನ್ ಗುನ್ನಾರ್ಸ್‌ದೋತಿರ್ ಬೀಜಿಂಗ್ ಒಲಿಂಪಿಕ್ಸ್ ಹೊತ್ತಿಗೆ ದೇಶದ ಶಿಕ್ಷಣ ಸಚಿವೆ. ಅವರ ಮಗ ಗಿಸ್ಲಿ ಥೋರ್ಗೇರ್‌ಗೆ ಆಗ ಒಂಬತ್ತು ವರ್ಷ. ಇಂದು ಆತ ರಾಷ್ಟ್ರೀಯ ತಂಡದ ಮಧ್ಯದ ಆಟಗಾರ. 2023ರಲ್ಲಿ ಸೆಮಿಫೈನಲ್‌ನಲ್ಲಿ ಭುಜ ತಪ್ಪಿದರೂ ಮರುದಿನ ಫೈನಲ್‌ಗಿಳಿದು, ಮಾಗ್ಡೆಬರ್ಗ್‌ಗೆ ಚಾಂಪಿಯನ್ಸ್ ಲೀಗ್ ಗೆದ್ದುಕೊಟ್ಟ ಹುಡುಗ.

ಮನೆಯ ಲೀಗ್ ಚಿಕ್ಕದು. ಇಪ್ಪತ್ತು ದಾಟುವಷ್ಟರಲ್ಲಿ ಒಳ್ಳೆಯ ಆಟಗಾರರು ಜರ್ಮನಿ, ಡೆನ್ಮಾರ್ಕ್, ಫ್ರಾನ್ಸ್‌ಗೆ ಹೊರಡುತ್ತಾರೆ. ಅಲ್ಲಿ ಕಲಿತದ್ದನ್ನು ಹೊತ್ತು ಕೆಲವರು ಮರಳುತ್ತಾರೆ, ಕೆಲವರು ಅಲ್ಲೇ ಉಳಿದು ಗುರುಗಳಾಗುತ್ತಾರೆ. ನಾನು ಮೊದಲಿಗೆ ಹೇಳಿದ ಉಳಿದರ್ಧ ಕಥೆ ಇದೇ. 2016ರ ಜನವರಿಯಲ್ಲಿ ಜರ್ಮನಿ ಯುರೋಪಿಯನ್ ಚಾಂಪಿಯನ್ ಆಯಿತು. ತರಬೇತುದಾರ ದಾಗುರ್ ಸಿಗುರ್ದ್ಸನ್, ಐಸ್‌ಲ್ಯಾಂಡಿನವರು. ಅದೇ ಆಗಸ್ಟ್‌ನಲ್ಲಿ ರಿಯೊದಲ್ಲಿ ಡೆನ್ಮಾರ್ಕ್ ಫ್ರಾನ್ಸನ್ನು 28–26ರಿಂದ ಸೋಲಿಸಿ ಒಲಿಂಪಿಕ್ ಚಿನ್ನ ಗೆದ್ದಿತು. ತರಬೇತುದಾರ ಬೀಜಿಂಗ್‌ನ ಅದೇ ಗುದ್ಮುಂದುರ್. ಐಸ್‌ಲ್ಯಾಂಡಿಗೆ ಸಿಗದ ಚಿನ್ನವನ್ನು ಅವರು ಡೆನ್ಮಾರ್ಕಿಗೆ ಕೊಡಿಸಿದರು. ನಾರ್ವೆಯ ಮಹಿಳಾ ತಂಡವನ್ನು 2009ರಿಂದ 2024ರವರೆಗೆ ನಡೆಸಿ, ಎರಡು ಒಲಿಂಪಿಕ್ ಚಿನ್ನ ತಂದುಕೊಟ್ಟವರು ಥೋರಿರ್ ಹೆರ್ಗೇರ್ಸನ್. ಪ್ಯಾರಿಸ್ 2024ರಲ್ಲಿ ಬೆಳ್ಳಿ ಗೆದ್ದ ಜರ್ಮನಿಯ ಪುರುಷರ ತಂಡಕ್ಕೆ ಗುರು ಆಲ್ಫ್ರೆದ್. ಟೋಕಿಯೊ ಒಲಿಂಪಿಕ್ಸ್‌ಗೆ ಐಸ್‌ಲ್ಯಾಂಡ್ ತಂಡ ಅರ್ಹತೆಯನ್ನೇ ಪಡೆದಿರಲಿಲ್ಲ. ಆದರೆ ಅಲ್ಲಿದ್ದ 12 ಪುರುಷ ತಂಡಗಳಲ್ಲಿ ಮೂರರ ತರಬೇತುದಾರರು ಐಸ್‌ಲ್ಯಾಂಡಿನವರು: ಜರ್ಮನಿಗೆ ಆಲ್ಫ್ರೆದ್, ಜಪಾನಿಗೆ ದಾಗುರ್, ಬಹರೇನ್‌ಗೆ ಆರೊನ್ ಕ್ರಿಸ್ತ್ಯಾನ್ಸನ್.

ಈ ಕೊಡುಗೆ ಕೆಲವೊಮ್ಮೆ ತಿರುಗಿ ತನ್ನವರನ್ನೇ ತಾಕುತ್ತದೆ. 2025ರ ಜನವರಿ, ವಿಶ್ವ ಚಾಂಪಿಯನ್‌ಷಿಪ್, ಝಾಗ್ರೆಬ್. ಐಸ್‌ಲ್ಯಾಂಡ್ ಆರು ಪಂದ್ಯಗಳಲ್ಲಿ ಐದನ್ನು ಗೆದ್ದಿತು. ಸೋತದ್ದು ಒಂದೇ, ಆತಿಥೇಯ ಕ್ರೊಯೇಷಿಯಾ ಎದುರು, 26–32. ಅದರ ಬೆಂಚಿನ ಮೇಲಿದ್ದವರು ದಾಗುರ್. ಗುಂಪಿನಲ್ಲಿ ಮೂರು ತಂಡಗಳ ಅಂಕ ಸಮ ಆಯಿತು. ಪರಸ್ಪರ ಪಂದ್ಯಗಳ ಗೋಲು ಅಂತರ ಲೆಕ್ಕ ಹಾಕಿದಾಗ ಆ ಒಂದು ಸೋಲೇ ಐಸ್‌ಲ್ಯಾಂಡನ್ನು ಹೊರಗಟ್ಟಿತು. ಐದು ಗೆಲುವಿನ ತಂಡಕ್ಕೆ ಒಂಬತ್ತನೇ ಸ್ಥಾನ, ಕ್ರೊಯೇಷಿಯಾಗೆ ಬೆಳ್ಳಿ. ಆ ಸಂಜೆ ಐಸ್‌ಲ್ಯಾಂಡಿನ ಬೆಂಚಿನಲ್ಲಿದ್ದ ತರಬೇತುದಾರ ಸ್ನೋರಿ ಸ್ಟೇನ್, ಬೀಜಿಂಗ್‌ನಲ್ಲಿ ಮಧ್ಯದಲ್ಲಿ ನಿಂತು ಆಟ ಹೆಣೆದಿದ್ದ ಅದೇ ಹುಡುಗ. ಗೋಲ್‌ಕೀಪರ್‌ಗಳಲ್ಲಿ ಒಬ್ಬರು ಬ್ಯೋರ್ಗ್ವಿನ್ ಪಾಲ್. ಬೀಜಿಂಗ್‌ನಲ್ಲಿ ಅವರಿಗೆ 23 ವರ್ಷ, ಝಾಗ್ರೆಬ್‌ನಲ್ಲಿ ನಲವತ್ತರ ಹೊಸ್ತಿಲು.

ಒಲಿಂಪಿಕ್ಸ್ ಬಿಟ್ಟರೆ ಪುರುಷರ ದೊಡ್ಡ ಟೂರ್ನಿಗಳು ಈಗ ನಡೆಯುವುದು ಜನವರಿಯಲ್ಲಿ. ತಿಂಗಳ ಮೊದಲ ವಾರ ರೇಕ್ಯಾವಿಕ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ, ಸಂಜೆ ನಾಲ್ಕಕ್ಕೆ ಮುಳುಗಿಯೂ ಆಗಿರುತ್ತದೆ. ಹಬ್ಬ ಮುಗಿದಿರುತ್ತದೆ, ವಸಂತ ಇನ್ನೂ ದೂರ. ಆ ಕತ್ತಲಲ್ಲಿ ಮನೆಮಂದಿಯೆಲ್ಲ ಟಿ.ವಿ. ಮುಂದೆ ಸೇರಿ ತಮ್ಮ ಹುಡುಗರಿಗಾಗಿ ಕಾಯುತ್ತಾರೆ.

ಆ ಹುಡುಗರಿಗೆ ಮನೆಯಲ್ಲಿ ತಕ್ಕ ಅಂಕಣ ಇಲ್ಲದಿರುವುದು ಹಳೆಯ ಕೊರಗು. ರೇಕ್ಯಾವಿಕ್‌ನ ಲಾಯ್ಗರ್ದಾಲ್ ಒಳಾಂಗಣ ಕಟ್ಟಿದ್ದು 1965ರಲ್ಲಿ. 1972ರಲ್ಲಿ ಬಾಬಿ ಫಿಷರ್ ಮತ್ತು ಬೋರಿಸ್ ಸ್ಪಾಸ್ಕಿ ಚದುರಂಗದ ವಿಶ್ವಪಟ್ಟಕ್ಕೆ ಎದುರುಬದುರು ಕುಳಿತದ್ದು ಅದೇ ಕಟ್ಟಡದಲ್ಲಿ. ಇಂದಿನ ಅಂತರರಾಷ್ಟ್ರೀಯ ನಿಯಮಗಳಿಗೆ ಅದು ಚಿಕ್ಕದು, ಹಳೆಯದು. 2020ರ ಕೊನೆಯಲ್ಲಿ ನೀರು ಸೋರಿ ಮರದ ನೆಲವೇ ಹಾಳಾಗಿ, ಬಹಳ ಕಾಲ ಬಾಗಿಲು ಹಾಕಬೇಕಾಯಿತು. 2031ರ ವಿಶ್ವ ಚಾಂಪಿಯನ್‌ಷಿಪ್ಪನ್ನು ಡೆನ್ಮಾರ್ಕ್, ನಾರ್ವೆಗಳ ಜೊತೆಗೂಡಿ ನಡೆಸುವ ಹೊಣೆ ಈಗ ಐಸ್‌ಲ್ಯಾಂಡಿನದು. ಅದಕ್ಕಾಗಿ ಹೊಸ ರಾಷ್ಟ್ರೀಯ ಭವನ ಏಳಬೇಕು, ಅದೂ ಲಾಯ್ಗರ್ದಾಲ್‌ನಲ್ಲೇ. ಬೀಜಿಂಗ್‌ನ ಬೆಳ್ಳಿ ಬಂದ ವರ್ಷ ಹುಟ್ಟಿದ ಮಕ್ಕಳಿಗೆ ಆಗ 22, 23 ವರ್ಷ ತುಂಬಿರುತ್ತದೆ.